ಕಂಬದಿಂದ ಮೂವತ್ತೊಂದು ಹೆಜ್ಜೆ

ಯಾದಗಿರಿ ಕಡೆಯ ತಾಯಪ್ಪ ಹೈದರಾಬಾದಿಗೆ ಬಂದು ಹದಿನಾರು ವರ್ಷವಾಯಿತು. ಇಂಟರ್‌ನೆಟ್ ಕೇಬಲ್ ಹೂಳಲು ರಸ್ತೆ ಬದಿ ಅಗೆಯುವುದು ಅವರ ಕೆಲಸ. ಕೇಬಲ್ ಮೇಲೆ ಒಂದು ಗೇಣು ಮಣ್ಣು ಹಾಕಿ, ಕಾರ್ಖಾನೆಯ ಬಾಯ್ಲರ್ ಬೂದಿಯನ್ನು ತೆಳುವಾಗಿ ಹರಡಿ, ಆಮೇಲೆ ಗುಂಡಿ ಮುಚ್ಚುವುದು ಅವರ ತಂಡದ ಪದ್ಧತಿ. ಮುಂದೆ ಯಾರೇ ಅಗೆದರೂ ಕೆಂಪು ಮಣ್ಣಿನಲ್ಲಿ ಬೂದಿಯ ಗೆರೆ ಕಂಡ ಕೂಡಲೇ ಕೈ ತಡೆಯಬೇಕು. ಇದನ್ನು ಯಾವ ಕಂಪನಿಯೂ ಹೇಳಿಕೊಟ್ಟದ್ದಲ್ಲ.

ಮೇ ತಿಂಗಳ ಆ ಬೆಳಿಗ್ಗೆ ತಾಯಪ್ಪ ಕೆಲಸಕ್ಕೆ ಹೋಗಿರಲಿಲ್ಲ. ಮಗಳು ಸುಮಂಗಲಾಗೆ ನಾಚಾರಂನ ಕೇಂದ್ರವೊಂದರಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಇತ್ತು. ಒಂಬತ್ತಕ್ಕೆ ಗೇಟು ಮುಚ್ಚಿತು. ಒಳಗೆ ಇನ್ನೂರು ಮಕ್ಕಳು ಕಂಪ್ಯೂಟರುಗಳ ಮುಂದೆ ಕೂತರು. ಹೊರಗೆ ನೆರಳಿನಲ್ಲಿ ತಾಯಪ್ಪ, ಬುತ್ತಿಗಂಟಿನೊಂದಿಗೆ ಹೆಂಡತಿ ಹುಸೇನಮ್ಮ.

ಒಂಬತ್ತೂ ಕಾಲಿಗೆ ರಸ್ತೆಯ ತಿರುವಿನಲ್ಲಿ ಜೆಸಿಬಿ ಬಂದು ನಿಂತಿತು. ನೀರಿನ ಪೈಪು ಒಡೆದಿತ್ತು. ತಾಯಪ್ಪ ಓಡಿದರು.

"ಬಕೆಟ್ ಇಳಸಬ್ಯಾಡಪ್ಪ! ಕೆಳಗ ಕೇಬಲ್ ಐತಿ. ಆ ಸೆಂಟರಿಗೆ ಹೋಗೋ ಲೈನು ಅದು."

"ಕಾಕಾ, ನಿನ್ನ ಮಾತಿಗೆ ಇದು ಬಂದ್ ಆಗಂಗಿಲ್ಲ. ಸಾಹೇಬರನ್ನ ಕೇಳು," ಎಂದ ಚಾಲಕ ಹುಲಗೇಶ.

ಸಾಹೇಬರೆಂದರೆ ಬೀದರಿನ ಮೇಲ್ವಿಚಾರಕ ಚೇತನಕುಮಾರ. ಅವರು ಮೊಬೈಲ್ ಚಾಚಿದರು. "ನಕಾಶೆದಾಗ ಕೇಬಲ್ ಆ ಬಾಜೂ ಅದ ನೋಡ್ರಿ."

"ನಕಾಶಾ ಬರದಾಂವ ಇಲ್ಲಿ ಅಗದಾನೇನ್ರಿ? ಆ ಬಾಜೂ ಬಂಡೆ ಹತ್ತಿತ್ತು, ಈ ಕಡಿ ಹಾಕೀವಿ. ನನ್ನ ಮಗಳು ಒಳಗ ಪರೀಕ್ಷಾ ಬರ್ಯಾಕತ್ತಾಳರಿ. ಲೈನ್ ಹರದ್ರ ಎಲ್ಲಾ ನಿಂತುಬಿಡ್ತೈತಿ."

"ಹಂಗಾದ್ರ ತೋರಸ್ರಿ. ಹತ್ತರ ತನಕ ಕಾಯ್ತೀನಿ. ಕೆಲಸ ಮುಗಿಸಿ ಒಂದಕ್ಕ ರಸ್ತೆ ಬಿಟ್ಟುಕೊಡಬೇಕಂತ ಪೊಲೀಸರು ಹೇಳ್ಯಾರ."

ಟ್ರಾನ್ಸ್‌ಫಾರ್ಮರ್ ಕಂಬದಿಂದ ಮೂವತ್ತೊಂದು ಹೆಜ್ಜೆ; ತಾಯಪ್ಪನಿಗೆ ಚೆನ್ನಾಗಿ ನೆನಪಿತ್ತು. ಎಣಿಸುತ್ತ ನಡೆದು, "ಬೂದಿ ಗೆರಿ ಕಂಡ್ರ ಅದರ ಕೆಳಗ ಕೇಬಲ್," ಎಂದು ಜೆಸಿಬಿಯವರ ಗುದ್ದಲಿ ತೆಗೆದುಕೊಂಡು ಹಾಕಿದರು. ಮೊಣಕಾಲುದ್ದ ಇಳಿದರೂ ಬರೀ ಕೆಂಪು ಮಣ್ಣು. ಎಡಕ್ಕೆ ಅಗಲಿಸಿದರು, ಬಲಕ್ಕೆ ಅಗಲಿಸಿದರು. ಒಡೆದ ಪೈಪಿನ ನೀರು ಗುಂಡಿಗೆ ಜಿನುಗತೊಡಗಿತು. ಒಂಬತ್ತೂ ನಲವತ್ತು.

"ಎಲ್ಲೈತಿ ಕಾಕಾ ಬೂದಿ? ಯಾರರ ಹಣಿಗೆ ಹಚ್ಚಿಕೊಂಡು ಹೋದ್ರೇನು?" ಹುಲಗೇಶ ನಕ್ಕು ಎಂಜಿನ್ ಚಾಲೂ ಮಾಡಿ, ಬಕೆಟ್ಟನ್ನು ನೆಲಕ್ಕೆ ತಾಗುವಷ್ಟು ಇಳಿಸಿದ.

ತಾಯಪ್ಪ ಅಗೆಯುತ್ತಲೇ ಇದ್ದರು. ಸದ್ದು ಕೇಳಿ ಹುಸೇನಮ್ಮ ಎದ್ದು ಬಂದರು.

"ಎಷ್ಟು ಹೆಜ್ಜಿ ಆತು?"

"ಮೂವತ್ತೊಂದು."

"ಯಾರ ಹೆಜ್ಜಿ?"

ತಾಯಪ್ಪನ ಗುದ್ದಲಿ ನಿಂತಿತು. ಕೇಬಲ್ ಹಾಕುವಾಗ ಅವರು ಗುಂಡಿಯೊಳಗಿರುತ್ತಿದ್ದರು. ತಲೆ ಮೇಲೆ ಬೂದಿಯ ಬುಟ್ಟಿ ಹೊತ್ತು, ಮೇಲಿನಿಂದ ಹೆಜ್ಜೆ ಎಣಿಸಿ ಹೇಳುತ್ತಿದ್ದವರು ಹುಸೇನಮ್ಮ. ತಂಡದ ಅಳತೆಯೆಲ್ಲ ಅವರ ಕಾಲಿನದು.

ಹುಸೇನಮ್ಮ ಕಂಬಕ್ಕೆ ಬೆನ್ನು ಕೊಟ್ಟು ನಿಂತರು. ಬುಟ್ಟಿ ಹಿಡಿದಂತೆ ಒಂದು ಕೈ ತಲೆಗೆ ಹೋಯಿತು. ಭಾರ ಹೊತ್ತವರ ಗಿಡ್ಡ ಹೆಜ್ಜೆ ಇಡುತ್ತ, ಬಾಯಲ್ಲಿ ಎಣಿಸುತ್ತ ಬಂದರು. ಮೂವತ್ತೊಂದನೆಯದು ತಾಯಪ್ಪನ ಗುಂಡಿಯನ್ನು ಮುಟ್ಟಲೇ ಇಲ್ಲ. ಅದು ಮುಗಿದದ್ದು ಜೆಸಿಬಿ ಬಕೆಟ್ಟಿನ ಹಲ್ಲುಗಳ ಎದುರು.

"ಇದನ್ನ ಎತ್ತೋ ತಮ್ಮಾ," ಎಂದರು.

ಹುಲಗೇಶ ಮೇಲ್ವಿಚಾರಕರ ಮುಖ ನೋಡಿದ. ಅವರು ಗಡಿಯಾರ ನೋಡಿದರು. ಹತ್ತಕ್ಕೆ ಐದು ನಿಮಿಷ. ಕೈ ಎತ್ತಿದರು. ಬಕೆಟ್ ಮೇಲೇರಿತು.

ಅದರ ಕೆಳಗೇ ತಾಯಪ್ಪ ಅಗೆದರು, ಕೊನೆಗೆ ಕೈಯಿಂದಲೇ ಮಣ್ಣು ಕೆದರಿದರು. ಎರಡು ಬೆರಳಗಲದ ಬೂದು ಗೆರೆ ಕಂಡಿತು. ಅದರ ಕೆಳಗೆ, ಒಂದು ಗೇಣಿಗೆ, ಕೇಬಲ್ಲಿನ ಕಪ್ಪು ಕೊಳವೆ.

ಹುಲಗೇಶ ಎಂಜಿನ್ ನಿಲ್ಲಿಸಿ ಇಳಿದು ಬಂದು ಸಲಿಕೆ ಹಿಡಿದ. ಕೇಬಲ್ ಇದ್ದಷ್ಟು ಜಾಗ ಕೈಯಿಂದ ಅಗೆದರು, ಉಳಿದದ್ದು ಯಂತ್ರಕ್ಕೆ.

"ಕಂಬದಿಂದ ಎಷ್ಟು ಮೀಟರ್ ಅಂತ ಬರಕೊಳ್ಳಲಿ?" ಚೇತನಕುಮಾರ ಕೇಳಿದರು.

"ಮೀಟರ್ ನೀವೇ ಅಳೀರಿ. ನಮ್ಮದು ಆಕಿ ಹೆಜ್ಜಿ."

ಹನ್ನೆರಡಕ್ಕೆ ಗೇಟು ತೆರೆಯಿತು. ಕೊನೆಯ ಪ್ರಶ್ನೆಯವರೆಗೂ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ ಎಂದು ಹೇಳುತ್ತ ಬಂದ ಸುಮಂಗಲಾ ಅಪ್ಪನ ಕೆಸರು ಬಟ್ಟೆ ನೋಡಿ, "ಅವ್ವ ಎಲ್ಲಿ?" ಎಂದು ಕೇಳಿದಳು. ಹುಸೇನಮ್ಮ ಅಲ್ಲಿರಲಿಲ್ಲ. ಗುಂಡಿ ಮುಚ್ಚುವ ಮೊದಲು ಬೂದಿ ಬೇಕಿತ್ತು. ಜೆಸಿಬಿಯವರ ಬುಟ್ಟಿ ಹಿಡಿದು ಹತ್ತಿರದ ಕಾರ್ಖಾನೆಯ ಕಡೆ ಹೋಗಿದ್ದರು.