ಹೊಸ ಡಾಕ್ಟರ ಕೈಗೆ ಸಿಕ್ಕ ನನ್ನ ಎದೆ

ದೇವರಾಣೆ, ಒಂದಕ್ಷರವೂ ಸುಳ್ಳಿಲ್ಲ! ಅಡಿಕೆ ವ್ಯಾಪಾರಕ್ಕೆಂದು ಸಿದ್ದಾಪುರದ ಬಸ್ಸು ಹತ್ತಿದವನಿಗೆ ಮೈಯೆಲ್ಲ ಬೆವತು, ಎದೆ ಚಂಡೆಯಂತೆ ಬಡಿಯತೊಡಗಿತು. ಹಾರ್ಟ್ ಅಟ್ಯಾಕೇ ಎಂದು ಡ್ರೈವರ್ ಇಡೀ ಬಸ್ಸನ್ನು ಆಸ್ಪತ್ರೆಗೆ ತಿರುಗಿಸಿದ. ಯಾವ ಮಂತ್ರಿಗೆ ಸಿಕ್ಕೀತು ಆ ಮರ್ಯಾದೆ!

ವಿಜಯಪುರ ಕಡೆಯ ಹೊಸ ಡಾಕ್ಟರ್ ಹುಡುಗಿ ಇಸಿಜಿ ತೆಗೆದಳು. ಸರಿಯಾಗಿಯೇ ಇತ್ತು.

"ಹುಬ್ಬಳ್ಳಿಗೆ ಕಳಿಸಿ ಡಾಕ್ಟ್ರೇ, ನಾ ಬದುಕಬೇಕು!"

"ಗಾಬರಿ ಆಗಬ್ಯಾಡ್ರಿ ಕಾಕಾ. ಬಸ್ಸಿನ್ಯಾಗ ಏನ್ ತಿಂದ್ರಿ?"

"ಎಂತದೂ ಇಲ್ಲೆ. ಒಂದು ವೀಳ್ಯದೆಲೆ ಕವಳ ಹಾಕಿದ್ದೆ, ಅಷ್ಟೇ."

"ಬಾಯಿ ತಗೀರಿ." ಬಗ್ಗಿ ನೋಡಿದವಳು ಕುಣಿಯುವುದೊಂದು ಬಾಕಿ! "ಹಸಿ ಅಡಿಕಿ! ಅದರ ಅಮಲ್ರಿ ಇದು. ಪುಸ್ತಕದಾಗ ಓದಿದ್ದೆ, ಇವತ್ತ ಕಣ್ಣಾರೆ ಕಂಡೆ!"

ಸ್ವಲ್ಪ ಹೊತ್ತಿನಲ್ಲೇ ಎದೆ ತಣ್ಣಗಾಯಿತು. ಹೊರಡುವಾಗ, "ಕಾಕಾ, ನಿಮ್ಮದು ಇಪ್ಪತ್ತರ ಹುಡುಗನ ಎದಿ ಬಿಡ್ರಿ" ಎಂದಳು.

ಈ ಕೊನೆಯ ಮಾತೊಂದು ಮಾತ್ರ ನಾನು ಸೇರಿಸಿದ್ದು. ಅವಳು ನಿಜಕ್ಕೂ ಹೇಳಿದ್ದು, "ಮೊದಲ ಬಾಯಿ ತೊಳ್ಕೊಳ್ರಿ."