ಒಣ ನೆಲಕ್ಕೆ ನೀರು ಸುರಿಯುವ ಚಿಕ್ಕಲಕ್ಷ್ಮಮ್ಮ

ಬೆಳಗಿನ ಆರಕ್ಕೆ ಮೂಡಲಪಾಳ್ಯದ ಆ ಖಾಸಗಿ ಹೈಸ್ಕೂಲಿನಲ್ಲಿ ಎಚ್ಚರವಾಗಿರುವುದು ಕ್ಯಾಮೆರಾಗಳು ಮತ್ತು ಆಯಾ ಚಿಕ್ಕಲಕ್ಷ್ಮಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳ ಬೆರಳಿನ ಗುರುತು ಅಂಟಿದ ಗಾಜು ಒರೆಸುತ್ತಿದ್ದಾರೆ. "ಮೊದ್ಲು ನೆಲ ಒರೆಸಿದ್ರೆ ಮುಗೀತಿತ್ತು. ಈಗ ಗೋಡೇನೂ ಒರೆಸ್ಬೇಕು ಕಣಪ್ಪ" ಎಂದು ನಗುತ್ತಾರೆ.

ಕಳೆದ ಬೇಸಿಗೆ ರಜೆಯಲ್ಲಿ ಶಾಲೆಯನ್ನು ಹೊಸ ಕಾಲಕ್ಕೆ ಒಗ್ಗಿಸಿದರಂತೆ. ಗೋಡೆ ಒಡೆದು ಗಾಜು ಹಾಕಿದರು, ಗಂಟೆ ಇಳಿಸಿದರು, ಪೀರಿಯಡ್ಡುಗಳನ್ನು ಟ್ಯಾಬಿನೊಳಗೆ ತುರುಕಿದರು. ಶೌಚಾಲಯಕ್ಕೆ ಹೋಗಲೂ ಕೊರಳಿನ ಕಾರ್ಡು ತಟ್ಟಬೇಕು. ಐದು ನಿಮಿಷ ದಾಟಿದರೆ ಟೀಚರ್ ಫೋನು ಕೂಗುತ್ತದೆ. ಮಕ್ಕಳನ್ನು ಅಪ್ಪ ಅಮ್ಮ ಆಫೀಸಿನಿಂದಲೇ ಫೋನಿನಲ್ಲಿ ನೋಡಬಹುದು. ಇದಕ್ಕೆ ರಿಬ್ಬನ್ನು, ಭಾಷಣ ಬೇರೆ. ನಕ್ಷೆ ಬರೆದವರಿಗೆ ಎಲ್ಲವೂ ನೆನಪಿತ್ತು, ಹದಿನೈದರ ಹುಡುಗಿಗೆ ಒಮ್ಮೊಮ್ಮೆ ಅಳು ಬರುತ್ತದೆ ಎಂಬುದೊಂದು ಬಿಟ್ಟು.

ಹಳೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಪೊರಕೆ ಇಡುವ ಗೂಡೊಂದಿತ್ತು. ಅಳು ಬಂದವರು ಅಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಿದ್ದರು. "ಯಾಕೆ ಅಂತ ಯಾರ್ನೂ ಕೇಳಿಲ್ಲ. ಕೇಳಿದ್ರೆ ನಾಳೆ ಬರಲ್ಲ" ಎನ್ನುತ್ತಾರೆ ಚಿಕ್ಕಲಕ್ಷ್ಮಮ್ಮ. ಈಗ ಅಲ್ಲಿ ಟ್ಯಾಬ್ ಚಾರ್ಜ್ ಮಾಡುವ ಕಪಾಟು.

ಹಾಗಾಗಿ ಅವರೇ ಒಂದು ಉಪಾಯ ಮಾಡಿಕೊಂಡಿದ್ದರು. ಮೂಲೆಯಲ್ಲಿ ಯಾರಾದರೂ ಮುಖ ಮುಚ್ಚಿಕೊಂಡರೆ, ಸುತ್ತಲ ಒಣ ನೆಲಕ್ಕೆ ನೀರು ಸುರಿದು, 'ಜಾರುತ್ತದೆ' ಎಂಬ ಹಳದಿ ಬೋರ್ಡು ನಿಲ್ಲಿಸಿ, ಮಾಪು ಹಿಡಿದು ಅಡ್ಡ ನಿಲ್ಲುವುದು. ನೆಲ ಆರುವಷ್ಟು ಹೊತ್ತು ಆ ಮೂಲೆ ಆ ಮಗುವಿನದು.

ಜುಲೈನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೂ ಹಾಗೇ ಮಾಡಿದರು. ತಲೆ ಮೇಲಿನ ಕ್ಯಾಮೆರಾ ಮರೆತಿದ್ದರು. ಒದ್ದೆ ನೆಲ, ಅಳುವ ಮಗಳು, ಎದುರಿಗೆ ಮಾಪು ಹಿಡಿದ ಆಯಾ. ಫೋನಿನಲ್ಲಿ ಇಷ್ಟು ಕಂಡ ಅಪ್ಪ ರಾಜರಾಜೇಶ್ವರಿನಗರದಿಂದ ಗಾಡಿ ಓಡಿಸಿಕೊಂಡು ಬಂದ.

"ನನ್ ಮಗಳ ಕೈಲಿ ನೆಲ ಒರೆಸ್ತೀರಾ?"

"ಇಲ್ಲ ಸಾರ್, ಮಗು ಅಳ್ತಿತ್ತು."

"ಯಾಕೆ ಅಳ್ತಿತ್ತು?" ಮೇಲ್ವಿಚಾರಕ ಗೋಪೀನಾಥ ಕೇಳಿದರು.

"ಕೇಳಿಲ್ಲ ಸಾರ್."

"ಕೇಳ್ದೇನೇ ಕಾವಲು ನಿಂತ್ರಾ? ಕಥೆ ಕಟ್ಬೇಡಿ ಆಂಟಿ."

ಗಾಜಿನಾಚೆಯಿಂದ ಇಡೀ ಶಾಲೆ ನೋಡುತ್ತಿತ್ತು. ಎಲ್ಲರೂ ಹುಡುಗಿಯತ್ತ ತಿರುಗಿದರು. ಅವಳು ಬ್ಯಾಗು ಎತ್ತಿಕೊಂಡು ಅಪ್ಪನ ಗಾಡಿಯತ್ತ ನಡೆದಳು. ಮರುದಿನದಿಂದ ಶಾಲೆಗೇ ಬರಲಿಲ್ಲ.

ಚಿಕ್ಕಲಕ್ಷ್ಮಮ್ಮ ಈಗ ಶನಿವಾರ ಕೆಲಸ ಮುಗಿಸಿ, ಶಾಲೆಗೆ ಬಾ ಎಂದು ಕರೆಯಲು ಅವಳ ಮನೆಗೆ ಹೋಗುತ್ತಾರೆ. "ಮಾಡಿದ್ದು ಸಾಕು, ಹೋಗಮ್ಮ" ಎಂದು ಅಪ್ಪ ಗೇಟಿನಲ್ಲೇ ಕಳಿಸುತ್ತಾನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಫೀಸು ಕಟ್ಟುವ ದಿನ ಹತ್ತಿರವಾಗಿದೆ. "ನಾನು ನೀರು ಸುರೀದಿದ್ರೆ ಅವಳು ಕ್ಲಾಸಲ್ಲಿ ಇರ್ತಿದ್ಲು" ಎನ್ನುವಾಗ ಅವರ ಕೈ ಗಾಜಿನ ಮೇಲೇ ನಿಲ್ಲುತ್ತದೆ.

ಏನಾಗಬೇಕು ಎಂದು ಕೇಳಿದರೆ ಬಟ್ಟೆ ಹಿಂಡುತ್ತಾ ಹೇಳುತ್ತಾರೆ.

"ಅವಳು ಬರ್ಲಿ, ಪರೀಕ್ಷೆ ಬರೀಲಿ. ಇಷ್ಟೊಂದು ಗಾಜು ಹಾಕವ್ರೆ, ಒಂದೇ ಒಂದು ಮರದ ಬಾಗ್ಲು ಹಾಕ್ಲಿ. ಚಿಲಕ ಒಳಗಡೆಯಿಂದ ಇರ್ಲಿ."