ಅನುಮಾನದ ಯಜಮಾನರ ಮನೆಗಾಡಿ

ನಮ್ಮ ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಅವರಿಗೆ ಅನುಮಾನದ ಯಜಮಾನರು ಎಂದೇ ಹೆಸರು. ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ತಮ್ಮ ಹಳೇ ಮನೆಗಾಡಿಯನ್ನು ತಂದರೆಂದರೆ, ನಾವೆಲ್ಲಿ ಟೈರು ಬದಲಾಯಿಸಿಬಿಡುತ್ತೇವೋ ಎಂದು ಆರಕ್ಕೂ ಸೀಮೆಸುಣ್ಣದಲ್ಲಿ ಸಹಿ ಹಾಕುತ್ತಾರೆ. ನಾವು ಗಾಳಿ ತುಂಬಿದ ಮೇಲೆ ಜೇಬಿನಿಂದ ಗಾಳಿ ಅಳೆಯುವ ತಮ್ಮದೇ ಗೇಜು ತೆಗೆದು ನೋಡುತ್ತಾರೆ. ಅದೂ ಅಷ್ಟನ್ನೇ ತೋರಿಸಿದರೆ, “ನನ್ನ ಗೇಜಿಗೂ ಏನೋ ಮಾಡಿದೀರಿ ನೀವು” ಎನ್ನುತ್ತಾರೆ. ಗಾಡಿ ಓಡುವಾಗ ಇರುವಷ್ಟೇ ಭಾರ ಅಲೈನ್‌ಮೆಂಟ್ ಮಾಡುವಾಗಲೂ ಇರಬೇಕೆಂದು, ತೀರಿಕೊಂಡ ಹೆಂಡತಿ ಕೂರುತ್ತಿದ್ದ ಸೀಟಿನಲ್ಲಿ ಮರಳಿನ ಮೂಟೆ ಕೂರಿಸಿ ಬೆಲ್ಟು ಹಾಕುತ್ತಾರೆ. “ಎಷ್ಟು ಕೆಜಿ, ಯಜಮಾನ್ರೇ?” ಎಂದು ಒಮ್ಮೆ ಕೇಳಿದೆ. “ಐವತ್ತೆರಡು. ಅವಳಷ್ಟೇ.” “ಅವರನ್ನ ತೂಗಿ ನೋಡಿದ್ರಾ?” ಎಂದು ನಕ್ಕೆ. ಅವರು ನನ್ನನ್ನೇ ದುರುಗುಟ್ಟಿ ನೋಡಿದರು: “ಅವಳೇ ಹೇಳಿದ್ಲಲ್ಲಯ್ಯ, ಇನ್ನು ತೂಗೋದೇನು?”